ಮುಳುಗಿದ ಬುರುಡೆ

ಬಬಲೇಶ್ವರದ ಆ ಮನೆಯಲ್ಲಿ ಅಳಿಯನಿಗೆ ಹೋಳಿಗೆ ತುಪ್ಪಕ್ಕೇನೂ ಬರವಿರಲಿಲ್ಲ, ಆದರೆ ಮೊದಲು ಬಾವಿಗೆ ಹಾರಬೇಕಿತ್ತು. ದೀಪಾವಳಿಯ ಎಣ್ಣೆಸ್ನಾನ ಮುಗಿದೊಡನೆ ಹೊಸ ಅಳಿಯ ತೋಟದ ಬಾವಿಗೆ ಜಿಗಿದು ಒಂದು ಸುತ್ತು ಈಜುವುದು ಆ ಮನೆತನದ ರೂಢಿ. ವಿಜಾಪುರದ ಅರಿವೆ ಅಂಗಡಿಯ ಅಮರಪ್ಪ ಹೋದ ವರ್ಷ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಅಂದಿನಿಂದ ಹೆಂಡತಿಯ ತಮ್ಮ ಬಸಗೊಂಡಪ್ಪನ ಬಾಯಲ್ಲಿ ಅವನು 'ಹೊಟ್ಟಿಬ್ಯಾನಿ ಮಾವ' ಆಗಿಬಿಟ್ಟ.

"ಈ ಸಲ ಹಾರಲಿಲ್ಲಂದ್ರ ನಾ ತವರಿಗೆ ಕಾಲಿಡೂದಿಲ್ರಿ," ಎಂದಿದ್ದಳು ಹೆಂಡತಿ ಗೌರಾಬಾಯಿ. "ಎಷ್ಟಂತ ತಲಿ ತಗ್ಗಸ್ಲಿ?"

ಅಮರಪ್ಪನಿಗೋ ಮೊಣಕಾಲುದ್ದ ನೀರು ಕಂಡರೂ ಜೀವ ಝಲ್ಲೆನ್ನುತ್ತಿತ್ತು. ಆದರೆ ಹೆಂಡತಿಯ ಮಾತು ನೀರಿಗಿಂತ ಆಳಕ್ಕೆ ಇಳಿದಿತ್ತು. ಲಡಾಯಿಯ ಕಾಲ, ಬಟ್ಟೆಗೆ ಕಂಟ್ರೋಲು; ಅಂಗಡಿಯಲ್ಲಿ ನೊಣ ಹೊಡೆಯುವುದೇ ಕೆಲಸ. ವಾರಕ್ಕೊಮ್ಮೆ ತಿಕೋಟಾಕ್ಕೆ ಹೋಗಿ, ಹಳೆಯ ಗಿರಾಕಿ ಮೌಲಾಸಾಬನ ನಿಂಬೆ ತೋಟದ ಬಾವಿಯಲ್ಲಿ ಗುಟ್ಟಾಗಿ ಈಜು ಕಲಿಯತೊಡಗಿದ. ಮೌಲಾಸಾಬ ಅವನ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ.

"ಬುರುಡಿ ನಿಮ್ಮನ್ನ ಮುಳುಗಿಸೂದಿಲ್ರಿ ಸಾವ್ಕಾರ್ರ. ಕೈಕಾಲು ಬಡೀರಿ."

ಬುರುಡೆ ಮಾತ್ರ ಅವನ ಗುಡಿಸಲಲ್ಲೇ ಇರುತ್ತಿತ್ತು. ಅದರ ಬಾಯಿಗೆ ಮೇಣ ಮೆತ್ತುವವನೂ ಅವನೇ. ವಾರವಾರಕ್ಕೆ ಅದು ಭಾರವಾದಂತೆ ಅನಿಸಿದರೂ, ನೀರು ಕುಡಿದಿರಬೇಕು ಎಂದು ಅಮರಪ್ಪ ಸುಮ್ಮನಾದ.

ಹಬ್ಬ ಬಂತು. ಬಾವಿಯ ಸುತ್ತ ಊರ ಮಂದಿ. ಅಮರಪ್ಪ ಮೌಲಾಸಾಬ ಕೊಟ್ಟು ಕಳಿಸಿದ್ದ ಬುರುಡೆಯನ್ನು ಗಂಟಿನಿಂದ ತೆಗೆದು ಬೆನ್ನಿಗೆ ಬಿಗಿದ, ಕಣ್ಣು ಮುಚ್ಚಿದ, ಹಾರಿಯೇ ಬಿಟ್ಟ. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು? ಒಂದು ಸುತ್ತು ಸಾಕಿತ್ತು. ಖುಷಿಗೆ ಎರಡು ಸುತ್ತು ಹೊಡೆದ.

ಮೆಟ್ಟಿಲು ಹತ್ತಿ ಬಂದರೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು.

"ಈಸಿದ್ದು ಬುರುಡಿ, ಮಾವ ಅದರ ಸಂಗಾಟ ತಿರುಗ್ಯಾಡಿ ಬಂದಾನ," ಎಂದ ಬಸಗೊಂಡಪ್ಪ.

ಗೌರಾಬಾಯಿಯ ತಲೆ ತಗ್ಗಿತು. ಬಸಗೊಂಡಪ್ಪ ಅಮರಪ್ಪನ ಬೆನ್ನಿನಿಂದ ಬುರುಡೆ ಬಿಚ್ಚಿಕೊಂಡ. ನಗೆಯ ಭರದಲ್ಲಿ ಅದರ ಭಾರದ ಕಡೆ ಅವನ ಲಕ್ಷ್ಯ ಹೋಗಲಿಲ್ಲ.

"ತಡೀರಿ, ಇದೊಂದ ಇನ್ನೊಂದ ಸುತ್ತು ಈಸ್ಲಿ," ಎಂದು ಬಾವಿಗೆ ಎಸೆದ.

ಬುರುಡೆ ಗುಳುಂ ಎಂದು ಮುಳುಗಿತು. ಮತ್ತೆ ಮೇಲೆ ಬರಲೇ ಇಲ್ಲ.

ನಗೆ ನಿಂತಿತು. ಅಮರಪ್ಪ ನೀರನ್ನೇ ನೋಡಿದ. ಹಾಗಾದರೆ ತನ್ನನ್ನು ತೇಲಿಸಿದ್ದು ಯಾವುದು? ಮೌಲಾಸಾಬನ ಮೇಣ ನೆನಪಾಯಿತು, ವಾರವಾರವೂ ಏರಿದ ಭಾರ ನೆನಪಾಯಿತು. ತಾನು ಎಂದೋ ಈಜುಗಾರನಾಗಿದ್ದ, ಸುದ್ದಿ ತನಗೇ ಈಗ ಮುಟ್ಟಿತ್ತು. ಮೈಯೆಲ್ಲ ಕುಣಿಯತೊಡಗಿತು.

ಓಡಿ ಬಂದು ಹಾರಿದ, ಈ ಸಲ ಕಣ್ಣು ತೆರೆದೇ. ತಳಕ್ಕೆ ಮುಳುಗಿ ಬರಿಗೈಲಿ ಎದ್ದ. ಉಸಿರು ಎಳೆದುಕೊಂಡು ಮತ್ತೆ ಮುಳುಗಿದ.

"ಬರ್ರಿ ಮ್ಯಾಲ, ಸಾಕು," ಎಂದು ಗೌರಾಬಾಯಿ ಕಟ್ಟೆಯ ಅಂಚಿಗೆ ಬಂದಳು. ಅಷ್ಟರಲ್ಲಿ ಬುರುಡೆ ಹಿಡಿದ ಕೈ ನೀರಿನಿಂದ ಮೇಲೆದ್ದಿತು.

ಅಮರಪ್ಪ ಮೇಲೆ ಬಂದು ಮೇಣ ಕಿತ್ತು, ಬುರುಡೆಯನ್ನು ಬಸಗೊಂಡಪ್ಪನ ಅಂಗೈಯಲ್ಲಿ ಬೋರಲು ಹಾಕಿದ. ಕೈ ತುಂಬಿ ಚೆಲ್ಲುವಷ್ಟು ಉಸುಕು ಸುರಿಯಿತು.

"ಉಸುಕು ತುಂಬಿದ್ದು ತಿಕೋಟಾದ ಮೌಲಾಸಾಬ್ರು," ಎಂದ ಅಮರಪ್ಪ. "ಈಸಿದ್ದು ನಾ."

ಗೌರಾಬಾಯಿ ತಲೆ ಎತ್ತಿ ನಕ್ಕಳು. ಅಮರಪ್ಪ ಯಾರೂ ಕೇಳದಿದ್ದರೂ ಮತ್ತೊಮ್ಮೆ ಹಾರಿದ.