ಹೊಸ ಬೈಕು, ಅಪ್ಪನ ಸ್ಪ್ಯಾನರ್

ಗುಡ್ಡದ ಮೇಲಿನ ನೀರಿನ ಕೊಳವೆಗಳನ್ನು ನೋಡಿಕೊಳ್ಳುವುದು ಮಗಳ ಕೆಲಸ. ದಿನವೂ ಕಲ್ಲುದಾರಿ ಹತ್ತಿಳಿದು ಮಂಡಿ ಸವೆಸಿಕೊಂಡವಳು ಕೊನೆಗೂ ಕಲ್ಲುಮಣ್ಣಿನ ದಾರಿಯಲ್ಲೂ ಓಡುವ ಒಂದು ಎಲೆಕ್ಟ್ರಿಕ್ ಡರ್ಟ್ ಬೈಕ್ ಕೊಂಡಳು. ಅಲ್ಲಿಂದ ಶುರುವಾಯಿತು ಅಪ್ಪನ ಕಾಟ. ಅವರು ಲಾರಿ ಓಡಿಸಿ ನಿವೃತ್ತರಾದವರು.

"ಆಯಿಲ್ ಎಲ್ಲಿ ಹಾಕೋದು ಇದಕ್ಕೆ?"

"ಇದಕ್ಕೆ ಇಂಜಿನ್ನೇ ಇಲ್ಲಪ್ಪಾ."

"ಇಂಜಿನ್ ಇಲ್ದೇ ಇರೋದನ್ನ ಬೈಕು ಅಂತ ನಿನ್ ತಲೆಗೆ ಕಟ್ಟಿದ್ರಾ?"

ಹೊಸದರಲ್ಲಿ ಮೆಲ್ಲಗೆ ಓಡಿಸಬೇಕು, ಬ್ರೇಕು ಪಳಗುವವರೆಗೆ ಅವಸರ ಬೇಡ, ಆಗಾಗ ನಟ್ಟು ಬೋಲ್ಟು ಸಡಿಲವಾಗಿವೆಯೇ ನೋಡಿಕೊಳ್ಳಬೇಕು ಎಂದು ಅಂಗಡಿಯವನು ಹೇಳಿದ್ದ. ಅವಳು ಹಾಗೇ ನಡೆದುಕೊಳ್ಳುತ್ತಿದ್ದಳು. ಅಪ್ಪನೋ, ಅವಳು ಸ್ನಾನಕ್ಕೆ ಹೋದದ್ದೇ ತಡ, ಬೈಕು ತೊಳೆಯಲೆಂದು ಪೈಪು ಹಿಡಿದು ಮೋಟಾರಿನ ಬುಡಕ್ಕೇ ಜೋರಾಗಿ ನೀರು ಬಿಟ್ಟರು. ಅವಳು ಕೂಗಾಡುತ್ತಲೇ ಒರೆಸಿ ಒಣಗಿಸಿದಳು. ಮರುದಿನ ನೋಡಿದರೆ, ಬೆರಳು ತಾಕಿದರೆ ಟಿಂಗ್ ಎನ್ನುವಷ್ಟು ಚೈನು ಬಿಗಿದುಕೊಂಡಿತ್ತು.

"ಜೋತು ಬಿದ್ದಿತ್ತು. ಸರಿ ಮಾಡ್ದೆ," ಎಂದರು ಅಪ್ಪ, ಸ್ಪ್ಯಾನರ್ ಒರೆಸುತ್ತ.

"ಅಷ್ಟು ಜೋತು ಇರ್ಲೇಬೇಕಪ್ಪಾ! ನಾನು ಕೂತಾಗ ತಾನಾಗೇ ಬಿಗಿಯಾಗುತ್ತೆ. ಹೀಗೇ ಓಡಿಸಿದ್ರೆ ಕಿತ್ತೇ ಹೋಗುತ್ತೆ. ನಿಮ್ ಕೈ ಕಟ್ಟಿ ಕೂರಿಸ್ಬೇಕು ಅಷ್ಟೆ!"

"ನೀನು ತೊಟ್ಟಿಲಲ್ಲಿದ್ದಾಗಿಂದ ನಟ್ಟು ಬಿಗೀತಿದೀನಿ ನಾನು."

ಅವಳು ಹಿಂದಿನ ಚಕ್ರದ ನಟ್ಟು ಸಡಿಲಿಸಿ, ಚೈನನ್ನು ಮತ್ತೆ ಹದಕ್ಕೆ ತಂದಳು. ಅಷ್ಟರಲ್ಲಿ ಅಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಇದು ಬಿಗಿಯೋ ರೀತೀನಾ?" ಎಂದು ಶುರು ಮಾಡಿದರು. ಮಾತಿಗೆ ಮಾತು ಬೆಳೆಯಿತು. ಅವಳು ಸ್ಪ್ಯಾನರನ್ನು ಅವರ ಮುಂದೆ ಕುಕ್ಕಿ, ಹೆಲ್ಮೆಟ್ ತಲೆಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅರ್ಧ ಗುಡ್ಡ ಹತ್ತುವಾಗ ಹಿಂದಿನ ಚಕ್ರ ಸೊಟ್ಟಗಾಯಿತು, ಚೈನು ಕಳಚಿತು. ಇಳಿದು ನೋಡಿದಳು. ನಟ್ಟನ್ನು ಕೈಯಲ್ಲಷ್ಟೇ ತಿರುಗಿಸಿಟ್ಟಿದ್ದಳು, ಬಿಗಿದೇ ಇರಲಿಲ್ಲ. ಅಪ್ಪನಿಗೆ ಫೋನು ಮಾಡುವುದಕ್ಕಿಂತ ಬೈಕನ್ನು ಹೊತ್ತುಕೊಂಡೇ ಹೋಗೋಣವೇ ಎನಿಸಿತು. ವಿಧಿಯಿಲ್ಲದೆ ಫೋನು ಮಾಡಿದಳು.

ಅಪ್ಪ ಏದುಸಿರು ಬಿಡುತ್ತ ಬಂದರು. ಸಡಿಲ ನಟ್ಟನ್ನು ಬೆರಳಲ್ಲೇ ತಿರುಗಿಸಿ ನೋಡಿ, ಸ್ಪ್ಯಾನರ್ ಹೊರತೆಗೆದರು. ಬೈಗುಳಕ್ಕಿಂತ ಅದೇ ಅವಳನ್ನು ಹೆಚ್ಚು ಉರಿಸಿತು. ಚೈನು ಕೂರಿಸಿ, ತಲೆಯೆತ್ತಿ ಕೇಳಿದರು: "ಎಷ್ಟು ಜೋತು ಬಿಡ್ಲಿ?"

ಅವಳು ಬೆರಳಲ್ಲಿ ತೋರಿಸಿದಳು. ಅವರು ಅಷ್ಟೇ ಬಿಟ್ಟು, ನಟ್ಟು ಬಿಗಿದರು. ಅವಳ ಸಿಟ್ಟು ಕರಗುವುದರಲ್ಲಿತ್ತು.

"ಸರಿ ಇದ್ಯಾ ನೋಡ್ತೀನಿ ತಾಳು," ಎಂದವರೇ ಸೀಟೇರಿ ಆಕ್ಸಿಲರೇಟರ್ ತಿರುಚಿದರು.

"ಅಪ್ಪಾ, ಮೆಲ್ಲಗೆ..."

ಬೈಕು ಎಗರಿ ಪೊದೆಗೆ ನುಗ್ಗಿತು. ಅಪ್ಪ ಅದರ ಪಕ್ಕದಲ್ಲಿ ಅಂಗಾತ ಬಿದ್ದಿದ್ದರು.

"ಹೇಳದೆ ಕೇಳದೆ ಹಾರುತ್ತಲ್ಲೇ ಇದು!"

ಅವಳು ಮೊದಲು ಅವರ ಕೈಕಾಲು ಮುಟ್ಟಿ ನೋಡಿದಳು. ಮೊಣಕೈ ತರಚಿತ್ತು, ಅಷ್ಟೆ. ಆಮೇಲೆ ಹ್ಯಾಂಡಲ್ ನೋಡಿದಳು. ಅದು ಬಗ್ಗಿತ್ತು. ಬೈಕನ್ನು ಪೊದೆಯಿಂದ ಹೊರಗೆಳೆದಳು.

ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಬೈಕನ್ನು ತಳ್ಳುತ್ತ ಗುಡ್ಡ ಇಳಿದರು.

"ಎಡಕ್ಕೆ ವಾಲಿಸ್ಬೇಡ," ಎಂದರು ಅಪ್ಪ.

"ವಾಲಿಸ್ತಿರೋದು ನೀವು!"