ಅಕ್ಷರ ದುಂಡಗಿರಲಿ

ಹಳೆಯ ಹಾರ್ಡ್ ಡಿಸ್ಕಿನ ಅಗಲವಾದ ಕೇಬಲ್ ಸಿಕ್ಕಿಸಲು ಹೊಸ ಕಂಪ್ಯೂಟರಿನಲ್ಲಿ ಜಾಗವೇ ಇರಲಿಲ್ಲ. ಇರುವುದಿಲ್ಲವೆಂದು ಗೊತ್ತಿದ್ದೇ ಅವಳು ಚೀಲದಲ್ಲಿ ಅಡಾಪ್ಟರ್ ತಂದಿದ್ದಳು. ಆದರೂ ಪಕ್ಕದ ತಗಡು ಬಿಚ್ಚಿ, ಒಳಗೆ ಇಣುಕಿ, ಲೊಚಗುಟ್ಟಿ, ಮೇಷ್ಟ್ರ ಮುಖ ಸಣ್ಣಗಾಗುವುದನ್ನು ಒಂದು ನಿಮಿಷ ಕಣ್ತುಂಬ ನೋಡಿದಳು. ಇಪ್ಪತ್ತೆರಡು ವರ್ಷ ಕಾದವಳಿಗೆ ಅಷ್ಟೂ ಬೇಡವೇ?

"ಆಗೋದಿಲ್ವೇನಮ್ಮಾ?"

"ನೋಡೋಣ ಸರ್. ಇದು ಅಜ್ಜನ ಕಾಲದ್ದು, ಅದು ಮೊಮ್ಮಗನ ಕಾಲದ್ದು. ಇಬ್ಬರನ್ನೂ ಕೂರಿಸಿ ಮಾತಾಡಿಸ್ಬೇಕು."

"ಹೇಗಾದ್ರೂ ಮಾಡಮ್ಮ. ನನ್ನ ಪುಸ್ತಕ ಪೂರ್ತಿ ಅದರಲ್ಲೇ ಇದೆ. ಮೂವತ್ತೈದು ವರ್ಷದ ಮೇಷ್ಟ್ರ ಕೆಲಸದ ನೆನಪು. ಬೇರೆ ಪ್ರತಿ ಇಲ್ಲ."

ಬೇರೆ ಪ್ರತಿ ಇಲ್ಲ. ಆ ಮಾತು ಅವಳಿಗೆ ಹಾಲು ಕುಡಿದಷ್ಟು ಹಿತವಾಯಿತು.

ಮೂರು ದಿನದ ಹಿಂದೆ ಆತ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವಳ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಾಗಲೇ ಅವಳು ಗುರುತು ಹಿಡಿದಿದ್ದಳು. ಆತನಿಗೆ ಗುರುತು ಸಿಗಲಿಲ್ಲ. ಶಾಲೆಯ ಹಳೆಯ ಕಂಪ್ಯೂಟರ್ ಗುಜರಿಗೆ ಹೋಗುವಾಗ ಡಿಸ್ಕನ್ನು ಮಾತ್ರ ಬಿಚ್ಚಿಸಿಕೊಂಡು ಬಂದಿದ್ದರಂತೆ. ಈಗ ಮಗಳು ಹೊಸ ಕಂಪ್ಯೂಟರ್ ಕೊಡಿಸಿದ್ದಾಳಂತೆ. ಇನ್ನು ಪುಸ್ತಕ ಅಚ್ಚು ಹಾಕಿಸಬೇಕಂತೆ. "ಮನೆಗೇ ಬರ್ತೀನಿ ಸರ್" ಎಂದು ಅವಳೇ ಹೇಳಿದಳು. "ಕೆಟ್ಟುಹೋಗಿದೆ ಸರ್" ಎಂಬ ಒಂದು ಮಾತು ಸಾಕಿತ್ತು. ಅದನ್ನು ಆತನ ಮನೆಯಲ್ಲೇ, ಆತನ ಎದುರೇ ಹೇಳಬೇಕೆಂಬ ಆಸೆ.

ಅವಳಿಗೆ ಹದಿನಾಲ್ಕಾಗಿದ್ದಾಗ ಶಾಲೆಯ ಪ್ರಯೋಗಾಲಯದಿಂದ ಒಂದು ಸಣ್ಣ ಸೂಕ್ಷ್ಮದರ್ಶಕ ಕಾಣೆಯಾಯಿತು. ಹಿಂದಿನ ಸಂಜೆ ಬೀಗ ಹಾಕಿದ್ದು ಅವಳು. ಅಷ್ಟೇ ಸಾಕ್ಷಿ. ಹೆಡ್ಮೇಷ್ಟ್ರಾಗಿದ್ದ ಈ ಮಹಾನುಭಾವ ಕಾಗದ ಮುಂದಿಟ್ಟು, ಒಂದೊಂದೇ ಸಾಲು ಹೇಳಿ ಬರೆಸಿದರು: ನಾನೇ ಕದ್ದೆ. ಅಕ್ಷರ ಸೊಟ್ಟಗಾದಾಗ ಬೆತ್ತದಿಂದ ಮೇಜು ತಟ್ಟಿ, "ಅಕ್ಷರ ದುಂಡಗಿರಲಿ. ಎಲ್ಲರೂ ಓದೋದು" ಎಂದರು. ಕಾಗದ ಒಂದು ತಿಂಗಳು ನೋಟೀಸ್ ಬೋರ್ಡಿನಲ್ಲಿ ತೂಗಿತು. ಅವಳು ಮತ್ತೆ ಆ ಶಾಲೆಯ ಕಡೆ ಮುಖ ಹಾಕಲಿಲ್ಲ.

ಅದೂ ಹೋಗಲಿ. ಹೊಲಿಗೆಯ ಕೆಲಸದ ಅಪ್ಪ ಅಂದೇ ಬೀರುವಿನ ಬೀಗದಕೈಯನ್ನು ಗೋಡೆಯ ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡ. ಬಯ್ಯಲಿಲ್ಲ, ಹೊಡೆಯಲಿಲ್ಲ. ಕೊನೆಗಾಲದಲ್ಲಿ, ಆಸ್ಪತ್ರೆಯಲ್ಲಿ ಬಟ್ಟೆ ಬದಲಿಸುವಾಗ ಆ ಬೀಗದಕೈಯನ್ನು ನರ್ಸಿನ ಕೈಗೆ ಕೊಟ್ಟು, "ಜೋಪಾನ" ಎಂದ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಅವಳೇನು ದೇವತೆಯಲ್ಲ.

ಅವಳು ಅಡಾಪ್ಟರ್ ಸಿಕ್ಕಿಸಿ, ವಿದ್ಯುತ್ತಿನ ತಂತಿ ಕೊಟ್ಟು, ಕಂಪ್ಯೂಟರ್ ಚಾಲೂ ಮಾಡಿದಳು. ಡಿಸ್ಕು ಗೊರಗೊರ ಎಂದು ಎದ್ದಿತು. ನಡುನಡುವೆ ಕಟ್, ಕಟ್. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು: ಒಳಗೆ ಬರಹ ಓದುವ ಮುಳ್ಳು ಸೋತಿದೆ, ಡಿಸ್ಕಿಗೆ ಇನ್ನು ಹೆಚ್ಚು ಹೊತ್ತಿಲ್ಲ. ಸುಳ್ಳು ಹೇಳುವ ಕಷ್ಟವೂ ತಪ್ಪಿತು, ಸುಮ್ಮನೆ ಕೂತರೆ ಸಾಕು.

ಆದರೆ ಸುಮ್ಮನೆ ಕೂರಲಾಗಲಿಲ್ಲ. ಮೇಷ್ಟ್ರು ನೀರು ತರಲು ಒಳಗೆ ಹೋದಾಗ, ತನ್ನ ಹೆಸರು ಎಲ್ಲಾದರೂ ಇದೆಯೇ ಎಂದು ಆ ವರ್ಷದ ಕಡತಗಳನ್ನು ತೆರೆದಳು. ಹೆಸರು ಸಿಗಲಿಲ್ಲ. ಪ್ರಯೋಗಾಲಯದ ಸಾಮಾನಿನ ಪಟ್ಟಿ ಸಿಕ್ಕಿತು. 'ಸೂಕ್ಷ್ಮದರ್ಶಕ, ಸಣ್ಣದು: ಕಾಣೆ.' ಅದರ ಮುಂದೆ, ನಾಲ್ಕು ದಿನದ ನಂತರದ ತಾರೀಖು: 'ಸಿಕ್ಕಿದೆ. ಭೂಪಟಗಳ ಬೀರುವಿನ ಹಿಂದೆ.'

ನಾಲ್ಕು ದಿನ. ಕಾಗದ ಬೋರ್ಡಿನಲ್ಲಿದ್ದದ್ದು ಒಂದು ತಿಂಗಳು.

ಕಟ್, ಕಟ್. ಈಗ ಅವಳ ಜೀವ ಬಾಯಿಗೆ ಬಂತು. ಯಾವುದನ್ನು ಸಾಯಿಸಲು ಬಂದಿದ್ದಳೋ ಅದೇ ಇನ್ನೆರಡು ನಿಮಿಷ ಉಸಿರಾಡಲಿ ಎಂದು ಬೇಡಿಕೊಳ್ಳುತ್ತ, ಆ ಪಟ್ಟಿಯನ್ನು ತನ್ನ ಪೆನ್ ಡ್ರೈವಿಗೆ ಇಳಿಸಿಕೊಂಡಳು. ಇಳಿಯಿತು. ಪೆನ್ ಡ್ರೈವ್ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ನೀರಿನ ಲೋಟದೊಡನೆ ಬಂದ ಮೇಷ್ಟ್ರಿಗೆ ಪರದೆ ತೋರಿಸಿದಳು.

"ಓದಿ ಸರ್."

ಆತ ಕನ್ನಡಕ ಏರಿಸಿ ಓದಿದರು. ಅವಳ ಮುಖ ನೋಡಿದರು. ಮತ್ತೆ ಓದಿದರು. ಲೋಟವನ್ನು ಮೇಜಿನ ಮೇಲಿಟ್ಟರು.

"ನೀನು... ಆ ಟೈಲರ್ ಮಗಳಾ?"

"ಅವಳೇ. ಕಳ್ಳಿ."

"ಆಮೇಲೆ ಸಿಕ್ತು, ನಿಜ. ಆದ್ರೆ ಒಂದ್ಸಲ ಬೋರ್ಡಿಗೆ ಹಾಕಿದ್ದನ್ನ ತೆಗೆದ್ರೆ ಶಾಲೆ ಮರ್ಯಾದೆ ಏನಾಗ್ಬೇಕು ಅಂತ..."

"ಶಾಲೆಗೆ ಮರ್ಯಾದೆ ಇತ್ತು. ನಮ್ಮಪ್ಪನಿಗೆ ಇರಲಿಲ್ವಾ ಸರ್? ನಿಮ್ಮ ಪುಸ್ತಕದಲ್ಲಿ ಇದನ್ನ ಬರೆದಿದ್ದೀರಾ?"

ಅವಳು ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನೂ ಪೆನ್ನನ್ನೂ ಆತನ ಮುಂದಕ್ಕೆ ತಳ್ಳಿದಳು.

"ಬರೀರಿ."

"ಬರೀತೀನಮ್ಮ, ಏನು ಬೇಕಾದ್ರೂ ಬರ್ಕೊಡ್ತೀನಿ. ಮೊದಲು ಪುಸ್ತಕ ಈ ಕಡೆ ಹಾಕು. ಆ ಸದ್ದು ಕೇಳು, ಏನೋ ಆಗ್ತಿದೆ."

"ಮೊದಲು ಕಾಗದ."

ಪುಸ್ತಕದ ಕಡತ ಪರದೆಯ ಮೇಲೆ ಎದುರಿಗೇ ಇತ್ತು. ಒಂದು ಗುಂಡಿ ಒತ್ತಿದರೆ ಆಯಿತು. ಅವಳು ಒತ್ತಲಿಲ್ಲ. ಕೈಕಟ್ಟಿ ನಿಂತು ಹೇಳತೊಡಗಿದಳು. ಮೇಷ್ಟ್ರು ಬೆನ್ನು ಬಾಗಿಸಿ ಬರೆಯತೊಡಗಿದರು.

"ಆ ಹುಡುಗಿ ಕದಿಯಲಿಲ್ಲ."

ಕಟ್, ಕಟ್.

"ಅದು ನಾಲ್ಕೇ ದಿನಕ್ಕೆ ಸಿಕ್ಕಿತು. ನನಗೆ ಗೊತ್ತಿತ್ತು."

ಕಟ್.

"ಗೊತ್ತಿದ್ದೂ ನಾನು ಅವಳ ಅಪ್ಪನಿಗೆ ಹೇಳಲಿಲ್ಲ."

ಆ ಸಾಲು ಮುಗಿಯುವಷ್ಟರಲ್ಲಿ ಸದ್ದು ನಿಂತಿತು. ಪರದೆಯಲ್ಲಿ ಪುಸ್ತಕದ ಕಡತವಿದ್ದ ಜಾಗ ಖಾಲಿಯಾಯಿತು. ಅವಳು ಬಗ್ಗಿ ಡಿಸ್ಕಿನ ಮೇಲೆ ಅಂಗೈ ಇಟ್ಟಳು. ತಗಡು ಬೆಚ್ಚಗಿತ್ತು, ಒಳಗೆ ಏನೂ ತಿರುಗುತ್ತಿರಲಿಲ್ಲ. ಇದೇ ಗಳಿಗೆಗಾಗಿ ಬಂದಿದ್ದವಳು, ಇನ್ನೊಮ್ಮೆ ತಿರುಗೀತೇ ಎಂದು ಕಿವಿಗೊಟ್ಟಳು.

ಮೇಷ್ಟ್ರು ತಲೆ ಎತ್ತದೆ ಕೇಳಿದರು: "ಸದ್ದು ನಿಂತಿತಲ್ಲಮ್ಮ. ಸರಿಹೋಯ್ತಾ?"

ಅವಳು ಅಂಗೈ ತೆಗೆಯಲಿಲ್ಲ.

"ಬರೀರಿ ಸರ್" ಎಂದಳು. "ಅಕ್ಷರ ದುಂಡಗಿರಲಿ."

ಆತ ಹೂಂಗುಟ್ಟಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಸರಿಸಿಕೊಂಡು, ಸೊಟ್ಟಗಾಗಿದ್ದ ಒಂದು ಅಕ್ಷರವನ್ನು ಮತ್ತೆ ನಿಧಾನವಾಗಿ ತಿದ್ದತೊಡಗಿದರು.