ಜಾಯಿಂಟ್ ವ್ಹೀಲಿನ ತುದಿಯಲ್ಲಿ ಹರಕೆ

ಸುಳ್ಳು ಹೇಳುವುದೇ ಆದರೆ ಮನುಷ್ಯರ ಹೆಸರಿನಲ್ಲಿ ಹೇಳಬೇಕು. ಉಮಾಶ್ರೀ ದೇವರ ಹೆಸರಿನಲ್ಲಿ ಹೇಳಿ ಸಿಕ್ಕಿಬಿದ್ದಳು. ಎಂಟು ವರ್ಷದ ಮಗಳು ನೀಲಾಳಿಗೆ ಸಕ್ಕರೆ ಕಾಯಿಲೆ ಎಂದು ಬೆಳಗಾವಿಯ ಡಾಕ್ಟರು ಹೇಳಿದ ದಿನವೇ ಗಂಡ ಮಹಾದೇವ ಕಟ್ಟಪ್ಪಣೆ ಮಾಡಿದ್ದ: "ಹೆಣ್ಣಹುಡುಗಿ. ನಾಳೆ ಲಗ್ನ ಆಗಬೇಕು. ರಾಮದುರ್ಗದಾಗ ಯಾರಿಗೂ ಗೊತ್ತಾಗಬಾರದು, ಅವ್ವಗ ಸುದ್ದಾ."

ಹುಡುಗಿ ಬೆಲ್ಲ ಕದಿಯುವುದನ್ನು ಬಿಟ್ಟಾಳೆಯೇ? ಬೈದರೂ ಅಷ್ಟೆ, ಹೊಡೆದರೂ ಅಷ್ಟೆ. ಕೊನೆಗೆ ಉಮಾಶ್ರೀ, "ಅಪ್ಪನ ಸಲುವಾಗಿ ಗೊಡಚಿ ವೀರಭದ್ರಗ ಹರಕಿ ಹೊತ್ತೇನಿ. ನೀ ಸಿಹಿ ತಿಂದ್ರ ಅಪ್ಪಗ ಕೇಡಾಗ್ತೈತಿ" ಎಂದುಬಿಟ್ಟಳು. ಮುಂಜಾನೆ ಸಂಜೆ ಬಾಗಿಲು ಹಾಕಿಕೊಂಡು ಚುಚ್ಚುವ ಇನ್ಸುಲಿನ್ ಸೂಜಿಯೂ ಅದೇ ಹರಕೆಯದು, ಯಾರಿಗೂ ಹೇಳಬಾರದು ಎಂದಳು. ಅಂದಿನಿಂದ ನೀಲಾ ಸಿಹಿ ಮುಟ್ಟಲಿಲ್ಲ. ಅತ್ತೆ ರಾಚವ್ವ ಮೊಮ್ಮಗಳ ಭಕ್ತಿಯನ್ನು ಓಣಿ ತುಂಬ ಹೊಗಳಿಕೊಂಡು ತಿರುಗಿದಳು.

ಎರಡು ಸಾವಿರದ ಮೂರರ ಬೇಸಿಗೆ ಸೂಟಿಯಲ್ಲಿ ಯರಗಟ್ಟಿಯಾಚೆ ಹೊಸದಾಗಿ ತೆರೆದಿದ್ದ ಪಾರ್ಕಿಗೆ ಹೋದರು. ನೀಲಾ ನೀರಾಟದಲ್ಲಿ ಕುಣಿದಾಡಿ, ಬುತ್ತಿಯ ರೊಟ್ಟಿಯನ್ನು ಅರ್ಧ ತಿಂದು ಎದ್ದಳು. ಇನ್ಸುಲಿನ್ ತಣ್ಣಗಿಟ್ಟ ಥರ್ಮಾಸ್ ಹಿಡಿದು ಮಹಾದೇವ ಕೆಳಗೆ ನಿಂತ. ಅಜ್ಜಿ, ಸೊಸೆ, ಮೊಮ್ಮಗಳು ಜಾಯಿಂಟ್ ವ್ಹೀಲಿನ ಒಂದೇ ತೊಟ್ಟಿಲಲ್ಲಿ ಕುಳಿತರು. ಆಗಿನ ಕರೆಂಟಿನ ಕಥೆ ಕೇಳಬೇಡಿ. ತೊಟ್ಟಿಲು ತುದಿಗೇರಿದ್ದೇ ತಡ, ಹೋಯಿತು. ಜನರೇಟರಿಗೆ ಡೀಸೆಲ್ ತರಲು ಹೋಗಿದ್ದಾರೆ ಎಂದು ಕೆಳಗಿನಿಂದ ಯಾರೋ ಕೂಗಿದರು.

ಸ್ವಲ್ಪ ಹೊತ್ತಿಗೆ ನೀಲಾ ಬೆವೆತಳು. ಕೈ ನಡುಗಿತು, ಮಾತು ತೊದಲಿತು. ಮೈಯಲ್ಲಿ ಸಕ್ಕರೆ ಇಳಿದಿದೆ ಎಂದು ಉಮಾಶ್ರೀಗೆ ಗೊತ್ತಾಯಿತು. ಹೀಗಾದಾಗ ತಕ್ಷಣ ಸಿಹಿ ತಿನ್ನಿಸದಿದ್ದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆಂದೇ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಸಕ್ಕರೆಯನ್ನು ಬಿಚ್ಚಿ ಮಗಳ ಬಾಯಿಗೆ ಹಿಡಿದಳು.

ನೀಲಾ ಹಲ್ಲು ಕಚ್ಚಿದಳು. "ಒಲ್ಲೆ. ಅಪ್ಪ ಸಾಯ್ತಾನ."

"ಹರಕಿ ಇಲ್ಲವ್ವ, ನಾ ಸುಳ್ಳ ಹೇಳಿದ್ದೆ. ತಿನ್ನು, ನನ್ನ ಬಂಗಾರ."

"ಹರಕಿ ಹೊತ್ತು ಈಗ ಸುಳ್ಳ ಅಂತೀಯಲ್ಲ, ನಾಲಿಗಿ ಬಿಗಿ ಹಿಡಿ" ಎಂದು ರಾಚವ್ವ ಗದರಿದಳು. ಹುಡುಗಿಯ ಬಾಯಿ ಇನ್ನೂ ಬಿಗಿಯಿತು.

ಓಡಿಹೋಗಿ ಯಾರನ್ನಾದರೂ ಕರೆಯೋಣವೆಂದರೆ ಸುತ್ತ ಬರೀ ಗಾಳಿ. ಉಮಾಶ್ರೀ ಆ ತೊಟ್ಟಿಲಲ್ಲೇ ಬಗ್ಗಿ ಅತ್ತೆಯ ಕಾಲು ಹಿಡಿದಳು. "ಅತ್ತೀ, ತಿನ್ನಲಿಲ್ಲಂದ್ರ ಕೂಸು ಉಳಿಯೂದಿಲ್ಲ." ಕಾಯಿಲೆಯ ಹೆಸರು ಆಗಲೂ ಗಂಟಲಲ್ಲೇ ಉಳಿಯಿತು.

ರಾಚವ್ವ ಮೊಮ್ಮಗಳ ತಣ್ಣಗಾದ ಕೈ ಮುಟ್ಟಿ ನೋಡಿದಳು. ಗೊಡಚಿ ಯಾವ ದಿಕ್ಕಿಗಿದೆ ಎಂದು ಹುಡುಕಿ ಕೈಮುಗಿದಳು. "ಯಪ್ಪಾ ವೀರಭದ್ರ, ಈ ಕೂಸಿನ ಹರಕಿ ಇವತ್ತಿನಿಂದ ನಂದು. ಸಾಯೂತನಕ ಸಿಹಿ ಮುಟ್ಟೂದಿಲ್ಲ." ಆಮೇಲೆ ನೀಲಾಳ ಗಲ್ಲ ಹಿಡಿದು, "ಈಗ ನಿನ್ನ ಮ್ಯಾಲ ಏನೂ ಇಲ್ಲ. ಬಾಯಿ ತಗಿ" ಎಂದಳು.

ನೀಲಾ ಬಾಯಿ ತೆರೆದಳು. ಸೆರಗಿನ ಸಕ್ಕರೆಯಷ್ಟೂ ಒಳಗೆ ಹೋಯಿತು. ನಿಧಾನಕ್ಕೆ ನಡುಕ ನಿಂತಿತು, ಕಣ್ಣು ತಿಳಿಯಾಯಿತು. ಉಮಾಶ್ರೀಗೆ ಅಳು ತಡೆಯಲಾಗಲಿಲ್ಲ.

ನೀಲಾ ತುಟಿ ನೆಕ್ಕಿಕೊಂಡು ಅಜ್ಜಿಯ ಸುಕ್ಕುಗಟ್ಟಿದ ತೋಳನ್ನು ಸವರಿದಳು.

"ಅವ್ವಾ, ಇನ್ನ ಮುಂಜಾನಿ ಸಂಜಿ ಅಜ್ಜಿಗೇ ಸೂಜಿ ಚುಚ್ಚತಿ ಏನು? ನನಗ ಬ್ಯಾಡಲಾ?"

"ಯಾವ ಸೂಜಿ?" ಎಂದಳು ರಾಚವ್ವ.

ಉಮಾಶ್ರೀ ಕೆಳಗೆ ನೋಡಿದಳು. ಥರ್ಮಾಸ್ ಹಿಡಿದ ಮಹಾದೇವ ನಗುತ್ತ ಕೈ ಬೀಸುತ್ತಿದ್ದ. ಕರೆಂಟು ಇನ್ನೂ ಬಂದಿರಲಿಲ್ಲ.